ಕಡ್ಡಿ ಇಳಿಸುವ ಹಕ್ಕು

ನಮ್ಮೂರಿನಲ್ಲಿ ಕಾಗದ ಬಾಳುವುದಿಲ್ಲ. ಉಪ್ಪಿನ ಆಗರಗಳ ಮೇಲಿಂದ ಬೀಸುವ ಗಾಳಿಗೆ ತಿಂಗಳೊಳಗೆ ಅಕ್ಷರ ಅಳಿಸುತ್ತದೆ, ಮೂರು ತಿಂಗಳಿಗೆ ಹಾಳೆಯೇ ಪುಡಿಪುಡಿಯಾಗುತ್ತದೆ. ಹಾಗಾಗಿ ಜನ ತಮಗೆ ಬೇಕಾದದ್ದನ್ನೆಲ್ಲ ಪೆನ್ ಡ್ರೈವಿನಲ್ಲಿಟ್ಟು, ಹಿತ್ತಾಳೆಯ ಪುಟ್ಟ ಕೊಳವೆಗೆ ಸೇರಿಸಿ, ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಅದನ್ನು ನಾವು ಕಡ್ಡಿ ಎನ್ನುತ್ತೇವೆ. ಯಂತ್ರಕ್ಕೆ ಚುಚ್ಚಿದರೆ ಕಡ್ಡಿ ಏರಿತು. ಕೆಲಸ ಮುಗಿಸಿ, ಕೀಳುವ ಮೊದಲು ಯಂತ್ರಕ್ಕೆ ಆಜ್ಞೆ ಕೊಟ್ಟು ಬಿಡಿಸಿಕೊಂಡರೆ ಇಳಿಯಿತು. ಏರಿಸುವುದು ಯಾರಿಗಾದರೂ ಬರುತ್ತದೆ, ಚುಚ್ಚಿದರೆ ಮುಗಿಯಿತು. ಇಳಿಸುವುದು ಹಾಗಲ್ಲ. ಇಳಿಸದೆ ಕಿತ್ತರೆ ಆ ಹೊತ್ತಿಗೆ ಅದರಲ್ಲಿ ತೆರೆದದ್ದು ಏನಿತ್ತೋ ಅದು ಕಡ್ಡಿಯಿಂದಲೂ ಹೋಗುತ್ತದೆ, ಊರಿನವರೆಲ್ಲರ ತಲೆಯಿಂದಲೂ ಹೋಗುತ್ತದೆ.

ನನ್ನ ಚಿಕ್ಕಮ್ಮ ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಕಡ್ಡಿ ಕಿತ್ತುಕೊಂಡು ಓಡಿದಳು. ಅಂದಿನಿಂದ ನಮ್ಮೂರಲ್ಲಿ ಕಳಲೆ ಉಪ್ಪಿನಕಾಯಿ ಹಾಕಲು ಯಾರಿಗೂ ಬರುವುದಿಲ್ಲ. ಭರಣಿ ಇದೆ, ಕಳಲೆ ಇದೆ, ಖಾರ ಉಪ್ಪು ಎಲ್ಲ ಇದೆ. ಎದುರಿಗಿಟ್ಟುಕೊಂಡು ಕೂತರೆ ಮುಂದೇನು ಮಾಡಬೇಕೆಂದು ಹೊಳೆಯುವುದಿಲ್ಲ. ಮೀನುಪೇಟೆಯ ಹಿಂದಿನ ಓಣಿಯ ಹೆಸರೂ ಹೀಗೇ ಹೋಗಿದೆ. ಅಲ್ಲಿನವರು ಮನೆ ಎಲ್ಲಿ ಎಂದು ಕೇಳಿದರೆ ಕೈ ತೋರಿಸುತ್ತಾರೆ. ಇಂಥವು ಒಂದೆರಡಾದಾಗ ಊರು ಸಹಿಸಿಕೊಂಡಿತು. ದೊಡ್ಡದೊಂದು ಹೋದ ಮೇಲೆ ಕಟ್ಟಳೆ ಬಂತು: ಇನ್ನು ಮುಂದೆ ಊರಿನ ಯಾವ ಕಡ್ಡಿಯನ್ನೂ ವಾಮನರಾಯರ ಹೊರತು ಬೇರೆ ಯಾರೂ ಇಳಿಸಕೂಡದು.

ಊರ ನಡುವಿನ ಕಡ್ಡಿಮನೆಯಲ್ಲಿ ಇರುವುದು ಒಂದೇ ದೊಡ್ಡ ಯುನಿಕ್ಸ್ ಯಂತ್ರ. ಅದಕ್ಕೆ ಹನ್ನೊಂದು ಪರದೆ, ಹನ್ನೊಂದು ಕೀಲಿಮಣೆ, ಹನ್ನೊಂದು ಕುರ್ಚಿ. ಹನ್ನೆರಡನೆಯ ಪರದೆ, ಕುರ್ಚಿ ರಾಯರದು. ಯಂತ್ರದ ಮೇಲೆ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಕೂತರೆ ಸಂಜೆ ಆರಕ್ಕೆ ಏಳುತ್ತಿದ್ದರು. ಊಟದ ಡಬ್ಬಿಯನ್ನು ಮೇಜಿನ ಮೇಲೇ ಬಿಚ್ಚಿ, ಎಡಗೈಯಲ್ಲಿ ಕೀಲಿ ಒತ್ತುತ್ತ ಬಲಗೈಯಲ್ಲಿ ಉಣ್ಣುತ್ತಿದ್ದರು. ಹತ್ತೊಂಬತ್ತು ವರ್ಷ ಅವರ ಕೈಯಿಂದ ಒಂದು ಕಡ್ಡಿಯೂ ಕೆಡಲಿಲ್ಲ. ಒಂದು ದಿನವೂ ರಜೆ ಹಾಕಲಿಲ್ಲ. ಜ್ವರ ಬಂದರೆ ಕಂಬಳಿ ಹೊದ್ದು ಬರುತ್ತಿದ್ದರು. ಅಂಥ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಾನು ತಿಮ್ಮಪ್ಪ, ಅಲ್ಲಿ ಟೋಕನ್ ಕೊಡುವವನು. ಇಳಿಸುವ ಸರದಿಗೆ ಜನ ಮೂರು ಗಂಟೆ, ನಾಲ್ಕು ಗಂಟೆ ಕಾಯುತ್ತಿದ್ದರು. ಅದಕ್ಕೆ ಊರು ಒಗ್ಗಿಕೊಂಡುಬಿಟ್ಟಿತ್ತು. ಹೆಂಗಸರು ಸಿಗಡಿ ಸುಲಿಯಲು ತರುತ್ತಿದ್ದರು, ಗಂಡಸರು ಬಲೆಯ ಹರಕು ಕಟ್ಟುತ್ತಿದ್ದರು. ಕ್ಷೌರದ ಶಾಂತಣ್ಣ ತನ್ನ ಅಂಗಡಿಯನ್ನೇ ಕಡ್ಡಿಮನೆಯ ಜಗಲಿಗೆ ತಂದಿದ್ದ. ಎರಡು ಮದುವೆ ಆ ಬೆಂಚುಗಳ ಮೇಲೇ ನಿಶ್ಚಯವಾಯಿತು, ಒಂದು ಅಲ್ಲೇ ಮುರಿಯಿತು.

ಹೊನ್ನಕ್ಕ ವಾರಕ್ಕೊಮ್ಮೆ ಬರುತ್ತಿದ್ದಳು. ಆಗರದ ಒಂಬತ್ತು ತೂಬುಗಳನ್ನು ನೋಡಿಕೊಳ್ಳುವವಳು ಅವಳು. ಕಡಲ ನೀರು ಏರುವ ಇಳಿಯುವ ಹೊತ್ತನ್ನು ಯಂತ್ರದಲ್ಲಿ ಲೆಕ್ಕ ಹಾಕಿಸಿ, ಯಾವ ತೂಬಿನ ಹಲಗೆ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ತನ್ನ ಕಡ್ಡಿಗೆ ಬರೆದುಕೊಂಡು ಹೋಗುತ್ತಿದ್ದಳು. ನಲವತ್ತೆಂಟರ ಆಸುಪಾಸು, ಬಿಸಿಲಿಗೆ ಸುಟ್ಟ ಮೈ, ಸೊಂಟದಲ್ಲಿ ಯಾವಾಗಲೂ ಒಂದು ಮರದ ಗೂಟ. ಕಾಯುವಾಗ ಅವಳು ಸಿಗಡಿಯನ್ನೂ ಸುಲಿಯುತ್ತಿರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ. ರಾಯರ ಬೆರಳುಗಳನ್ನೇ ನೋಡುತ್ತಿದ್ದಳು.

ಆ ಅಮಾವಾಸ್ಯೆಯ ದಿನ ಅವಳ ಸರದಿಗಿಂತ ಮುಂದೆ ಹದಿನಾಲ್ಕು ಜನರಿದ್ದರು. ಅವರಲ್ಲಿ ಒಬ್ಬಳು ದಾದಿ. ಹೆರಿಗೆಯ ನೋವಿನಲ್ಲಿದ್ದವಳ ವಿವರ ಅವಳ ಕಡ್ಡಿಯಲ್ಲಿತ್ತು. ಹಾಗಾಗಿ ಹೊನ್ನಕ್ಕ ತನ್ನನ್ನು ಮುಂದೆ ಬಿಡಿ ಎಂದು ಕೇಳಲಿಲ್ಲ. ಮೂರನೆಯ ತೂಬಿನ ಹಲಗೆ ಹನ್ನೊಂದೂವರೆಗೆ ಇಳಿಯಬೇಕಿತ್ತು. ಗಡಿಯಾರ ಹನ್ನೊಂದು ದಾಟಿದಾಗ ನಾನೇ ಹೋಗಿ, "ಹೊನ್ನಕ್ಕಾ, ನೀನು ಓಡು. ಕಡ್ಡಿ ನಾನು ನೋಡ್ಕೊಳ್ತೇನೆ" ಎಂದೆ.

"ನೀವು ಟೋಕನ್ ಕೊಡ್ಲಿಕ್ಕೆ ಏಳ್ತೀರಿ. ಆಗ ಯಾರದ್ದಾದ್ರೂ ಸೆರಗು ತಾಗಿ ಕಿತ್ತುಬಂದ್ರೆ? ನಾಳೆ ಬೆಳಿಗ್ಗೆ ತೂಬು ಅಂದ್ರೆ ಎಂತದು ಅಂತ ಊರೇ ಕೇಳ್ತದೆ" ಎಂದಳು. ಕೂತಲ್ಲಿಂದ ಏಳಲಿಲ್ಲ.

ಹನ್ನೆರಡೂಕಾಲಿಗೆ ರಾಯರು ಅವಳ ಕಡ್ಡಿ ಇಳಿಸಿದರು. ಅವಳು ಓಡಿದಳು. ಅಷ್ಟರಲ್ಲಿ ಕಡಲು ಮೂರನೆಯ ತೂಬಿನಿಂದ ನುಗ್ಗಿ ಏಳು ಪಾತಿಗಳ ಉಪ್ಪನ್ನು ಕರಗಿಸಿ ಹೋಗಿತ್ತು. ನಾಲ್ಕು ತಿಂಗಳ ಬಿಸಿಲು, ಇಪ್ಪತ್ತು ಮನೆಯವರ ಬೆವರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ.

ಮರುದಿನ ಕಡ್ಡಿಯಿಲ್ಲದೆ ಬಂದಳು. ನೇರವಾಗಿ ರಾಯರ ಮೇಜಿನ ಮುಂದೆ ನಿಂತಳು.

"ರಾಯರೆ, ಏರಿಸ್ಲಿಕ್ಕೆ ನಾವು ನಿಮ್ಮನ್ನ ಕೇಳೂದಿಲ್ಲ. ಇಳಿಸ್ಲಿಕ್ಕೆ ಮಾತ್ರ ಯಾಕೆ ಕೇಳ್ಬೇಕು?"

ರಾಯರು ಕನ್ನಡಕ ತೆಗೆದರು. ಸಿಟ್ಟು ಮಾಡಲಿಲ್ಲ. "ಏರಿಸಿದ್ರೆ ಏನೂ ಹಾಳಾಗೂದಿಲ್ಲ, ಹೊನ್ನಮ್ಮ. ಇಳಿಸುವಾಗ ಎರಡು ವಿಷಯ ನೋಡ್ಬೇಕಾಗ್ತದೆ. ಬೇರೆ ಪರದೆಯಿಂದ ಯಾರಾದ್ರೂ ಅದನ್ನ ತೆರೆದು ಕೂತಿದ್ದಾರಾ ಅಂತ ಒಂದು. ಬರೆದದ್ದೆಲ್ಲ ನಿಜವಾಗಿ ಕಡ್ಡಿಗೆ ಹೋಗಿ ಮುಟ್ಟಿದೆಯಾ ಅಂತ ಇನ್ನೊಂದು. ಈ ಯಂತ್ರ ಬರೀತೇನೆ ಅಂತ ಹೇಳಿ ಸ್ವಲ್ಪ ಹೊತ್ತು ತನ್ನ ಹತ್ರವೇ ಇಟ್ಕೊಳ್ತದೆ."

"ಅದನ್ನ ನೀವು ಹೇಗೆ ನೋಡ್ತೀರಿ?"

"ಯಂತ್ರಕ್ಕೇ ಕೇಳ್ತೇನೆ."

"ಹಾಗಾದ್ರೆ ಗೊತ್ತಿರೂದು ಯಂತ್ರಕ್ಕೆ. ನಾವು ಕೇಳಿದ್ರೂ ಅದು ಹೇಳ್ಬಹುದಲ್ಲ?"

ಬೆಂಚಿನ ಮೇಲೆ ಕೂತವರೆಲ್ಲ ಸಿಗಡಿ ಸುಲಿಯುವುದನ್ನು ನಿಲ್ಲಿಸಿದರು. ರಾಯರು ನಿಧಾನವಾಗಿ ಹೇಳಿದರು: "ಎಲ್ಲರಿಗೂ ನನ್ನ ಪಾಸ್‌ವರ್ಡ್ ಕೊಟ್ರೆ ಈ ಯಂತ್ರದಲ್ಲಿ ಯಾರು ಏನು ಬೇಕಾದ್ರೂ ಅಳಿಸ್ಬಹುದು."

"ನಿಮ್ಮ ಪಾಸ್‌ವರ್ಡ್ ಯಾರಿಗೆ ಬೇಕು ಮಾರಾಯ್ರೆ? ನನ್ನ ಮನೆ ಬಾಗಿಲು ತೆರೀಲಿಕ್ಕೆ ಊರಿನ ಬೀಗದಕೈ ಎಲ್ಲಾ ಕೇಳ್ತೇನಾ ನಾನು? ತೂಬಿನಲ್ಲಿ ನೋಡಿ, ಹಲಗೆ ಯಾರು ಎತ್ತಿದ್ರೋ ಗೂಟ ಅವರ ಸೊಂಟದಲ್ಲೇ ಇರ್ತದೆ. ಆ ಗೂಟ ಇಲ್ಲದೆ ಹಲಗೆ ಇಳಿಯೂದಿಲ್ಲ. ಇಳಿಸುವ ಮೊದಲು, ಕಾಲುವೆಯಲ್ಲಿ ಯಾರುಂಟು ಅಂತ ಮೂರು ಸಲ ಕೂಗ್ತೇವೆ. ಯಾರಾದ್ರೂ ಓ ಅಂದ್ರೆ ಅವರು ಹತ್ತಿ ಬರುವವರೆಗೆ ಕಾಯ್ತೇವೆ. ಅಷ್ಟೇ. ಏರಿಸಿದವ ಇಳಿಸ್ಲಿ. ತನ್ನದನ್ನ ಮಾತ್ರ ಇಳಿಸ್ಲಿ. ಒಳಗೆ ಯಾರಾದ್ರೂ ಇದ್ರೆ ಯಂತ್ರ ಬಿಡದಿರ್ಲಿ."

ರಾಯರ ಮುಖ ಬಿಳಚಿತು. ನಾನು ಹತ್ತಿರವೇ ಇದ್ದೆ, ಕಣ್ಣಾರೆ ಕಂಡೆ. "ಅದು ಬೇಡ" ಎಂದರು. ಮುಂದಿನ ಟೋಕನ್ನಿನ ಸಂಖ್ಯೆಯನ್ನು ತಾವೇ ಕೂಗಿದರು.

ಹನ್ನೆರಡು ದಿನ ಅವರು ಅವಳೊಡನೆ ಮಾತಾಡಲಿಲ್ಲ. ಅವಳು ದಿನವೂ ಬಂದಳು. ತೂಬಿನ ಕೆಲಸ ಮುಗಿಸಿ, ಮೊಣಕಾಲಿನವರೆಗೆ ಕೆಸರು ಒಣಗಿದ ಕಾಲಿನಲ್ಲೇ ಬಂದು, ಖಾಲಿ ಕಡ್ಡಿಯೊಂದನ್ನು ಯಂತ್ರಕ್ಕೆ ಚುಚ್ಚಿ ಕೂರುತ್ತಿದ್ದಳು. ಅದರಲ್ಲಿ ಏನೂ ಇಲ್ಲದ್ದರಿಂದ ಊರು ಮರೆಯಲು ಏನೂ ಇರಲಿಲ್ಲ. ಸಾಮಾನ್ಯರಿಗೆ ಬಿಟ್ಟ ಆಜ್ಞೆಗಳನ್ನು ಒಂದೊಂದಾಗಿ ಒತ್ತಿ, ಯಂತ್ರ ಏನೆನ್ನುತ್ತದೆಂದು ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. 'ನಿನಗೆ ಅನುಮತಿ ಇಲ್ಲ' ಎಂದು ಅದು ನೂರು ಬಗೆಯಲ್ಲಿ ಹೇಳುತ್ತಿತ್ತು. ನನಗಾಗಿದ್ದರೆ ಎರಡನೆಯ ದಿನವೇ ಅವಮಾನವಾಗುತ್ತಿತ್ತು. ಅವಳಿಗೆ ಅದು ಅವಮಾನ ಅನ್ನಿಸಲೇ ಇಲ್ಲ. "ಯಾವ ಬಾಗಿಲು ಎಷ್ಟು ಗಟ್ಟಿ ಉಂಟು ಅಂತ ಗೊತ್ತಾಗ್ತದೆ" ಎನ್ನುತ್ತಿದ್ದಳು.

ಹದಿಮೂರನೆಯ ದಿನ ಮಧ್ಯಾಹ್ನ, ಜನ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ರಾಯರು ನಮ್ಮಿಬ್ಬರನ್ನು ಕರೆದರು. ಊಟದ ಡಬ್ಬಿ ಬಿಚ್ಚಿರಲಿಲ್ಲ.

"ನೀನು ಹೇಳಿದ ಹಾಗೆ ಮಾಡ್ಲಿಕ್ಕೆ ಹೊಸ ಯಂತ್ರ ಬೇಡ" ಎಂದರು. "ಒಂದು ಸಣ್ಣ ಫೈಲು ಉಂಟು. ಯಾವ ಕಡ್ಡಿ ಎಲ್ಲಿ ಏರ್ಬೇಕು, ಯಾರು ಇಳಿಸ್ಬಹುದು ಅಂತ ಅದರಲ್ಲಿ ಬರ್ದಿರ್ತದೆ. 'ಯೂಸರ್' ಅಂತ ಬರೆದ್ರೆ ಏರಿಸಿದವ ಮಾತ್ರ ಇಳಿಸ್ಬಹುದು. ಅದರ ಕೊನೆಗೆ ಒಂದು ಅಕ್ಷರ ಹೆಚ್ಚು ಸೇರಿಸಿ 'ಯೂಸರ್ಸ್' ಅಂತ ಬರೆದ್ರೆ ಯಾರದ್ದನ್ನ ಯಾರು ಬೇಕಾದ್ರೂ ಇಳಿಸ್ಬಹುದು. ಹತ್ತೊಂಬತ್ತು ವರ್ಷದ ಹಿಂದೆ ನಾನು ಆ ಅಕ್ಷರ ಸೇರಿಸಿದ್ದೆ."

ನಮಗೆ ಕೂಡಲೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು.

ಕಟ್ಟಳೆಗೆ ಕಾರಣವಾದ ಆ ದೊಡ್ಡ ನಷ್ಟ ಯಾವುದೆಂದು ಊರಿಗೆಲ್ಲ ಗೊತ್ತು. ಬೊಮ್ಮಯ್ಯನೆಂಬವನು ಆಗರದಲ್ಲಿ ಉಪ್ಪು ಎಳೆಯುವವರಿಗೆ ಹಾಡು ಹೇಳಿಕೊಡುತ್ತಿದ್ದ. ಆ ಹಾಡಿನ ತಾಳಕ್ಕೆ ಐವತ್ತು ಜನರ ಉಪ್ಪೆಳೆಯುವ ಹಲಗೆ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಬೀಳುತ್ತಿತ್ತು. ಅದನ್ನು ತನ್ನ ಕಡ್ಡಿಗೆ ಬರೆಯುತ್ತಿದ್ದ ದಿನ ಅವನು ಕಡ್ಡಿಯನ್ನು ಇಳಿಸದೆ ಕಿತ್ತ, ಹಾಡು ಹೋಯಿತು. ಈಗಲೂ ಉಪ್ಪು ಎಳೆಯುವಾಗ ಹಿರಿಯರ ಬಾಯಿ ತಾನಾಗಿ ತೆರೆಯುತ್ತದೆ. ಏನೂ ಬರುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಬೊಮ್ಮಯ್ಯ, "ನಾನು ಇಳಿಸಿದ್ದೆ, ಇಳಿಯಿತು ಅಂತ ಪರದೆಯಲ್ಲಿ ಬಂದಿತ್ತು" ಎಂದು ಮನೆಮನೆಗೆ ಹೋಗಿ ಹೇಳಿದ. ಯಾರೂ ನಂಬಲಿಲ್ಲ. ಆಮೇಲೆ ಅವನು ಹೇಳುವುದನ್ನೂ ಬಿಟ್ಟ, ಕಡ್ಡಿಮನೆಗೆ ಬರುವುದನ್ನೂ ಬಿಟ್ಟ.

"ಅವ ಹೇಳಿದ್ದು ನಿಜ" ಎಂದರು ರಾಯರು. "ಅವ ಒತ್ತಿದ್ದ. ಇಳಿಯಿತು ಅಂತ ಬಂದದ್ದೂ ಹೌದು. ಆದ್ರೆ ಪಟ್ಟಿಯಲ್ಲಿ ಅವನ ಕೈ ಒಂದು ಸಾಲು ತಪ್ಪಿ, ಇಳಿದದ್ದು ಪಕ್ಕದ ಪರದೆಯವನ ಕಡ್ಡಿ. ನಾನು ಆ ಅಕ್ಷರ ಸೇರಿಸದೆ ಇದ್ದಿದ್ರೆ ಯಂತ್ರ ಅವನನ್ನ ತಡೀತಿತ್ತು. ಮಾರನೇ ದಿನವೇ ನನಗೆ ಗೊತ್ತಾಯ್ತು. ಅಕ್ಷರ ಅಳಿಸಿದೆ. ಅದೂ ಸಾಲದು ಅಂತ, ಯಾರಿಗೂ ಇಳಿಸುವ ಅನುಮತಿಯೇ ಇಲ್ಲ ಅಂತ ಮಾಡಿ, ಈ ಕುರ್ಚಿಯಲ್ಲಿ ಕೂತೆ. ಇನ್ನು ಒಂದೂ ಕೆಡದ ಹಾಗೆ ನೋಡ್ಕೊಂಡ್ರೆ ಸಾಕು ಅಂದ್ಕೊಂಡೆ."

ನಾನು ನೆಲ ನೋಡಿದೆ. ಹೊನ್ನಕ್ಕ ಮಾತ್ರ ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಕನಿಕರ ಇತ್ತು, ಆದರೆ ಮಾತಿನಲ್ಲಿ ಇರಲಿಲ್ಲ.

"ಇದನ್ನ ನನಗೆ ಹೇಳಿ ಪ್ರಯೋಜನ ಇಲ್ಲ, ರಾಯರೆ. ಬೊಮ್ಮಯ್ಯನಿಗೆ ಹೇಳ್ಬೇಕು. ಊರೆದುರು ಹೇಳ್ಬೇಕು." ಕೀಲಿಮಣೆಯನ್ನು ಅವರ ಕಡೆ ಸರಿಸಿ, "ಮೊದಲು ಕೆಲಸ ಮಾಡುವ. ಬರೀ ಬಾಯಿಮಾತು ತಗೊಂಡು ಅವನೆದುರು ಹೋಗೂದು ಬೇಡ" ಎಂದಳು.

ಅಂದಿನಿಂದ ಇಪ್ಪತ್ತಾರು ದಿನ ಆ ಇಬ್ಬರೂ ಕೂತು ಮಾಡಿದ ಕೆಲಸವನ್ನು ನಾನು ನೋಡಿದ್ದೇನೆ. ಒತ್ತುವ ಬೆರಳು ರಾಯರದು; ಏನು ಒತ್ತಬೇಕೆಂದು ಕೇಳಿ ಕೇಳಿ ತೀರ್ಮಾನಿಸುತ್ತಿದ್ದವಳು ಹೊನ್ನಕ್ಕ. ಪ್ರತಿ ಪರದೆಯ ಮೇಲೆ, ಆ ಪರದೆಯಿಂದ ಏರಿದ ಕಡ್ಡಿಯ ಚಿತ್ರ. ಅದರ ಕೆಳಗೆ 'ಇಳಿಸು' ಎಂಬ ಗುಂಡಿ. ರಾಯರು ಮೊದಲು ಯಂತ್ರ ತನ್ನ ಭಾಷೆಯಲ್ಲಿ ಹೇಳುವುದನ್ನೇ ತೋರಿಸಿದರು: ಸಾಧನ ಕಾರ್ಯನಿರತವಾಗಿದೆ. ಹೊನ್ನಕ್ಕ ತಲೆಯಾಡಿಸಿದಳು. "ಹೀಗಂದ್ರೆ ನಾವು ಎಂತ ಮಾಡ್ಬೇಕು? ಯಾರು ಹಿಡ್ಕೊಂಡಿದ್ದಾರೆ, ಎಷ್ಟನೇ ಕುರ್ಚಿ, ಅದನ್ನ ಹೇಳ್ಲಿ. ನಾವೇ ಹೋಗಿ ಬಿಡಣ್ಣಾ ಅಂತ ಕೇಳ್ತೇವೆ." ಬರೆಯುವುದು ಮುಗಿಯದೆ 'ತೆಗೆಯಬಹುದು' ಎಂಬ ಮಾತು ಬರಲೇಬಾರದು ಎಂದು ಹಟ ಹಿಡಿದಳು. ಕಾಯುವಾಗ ಪರದೆ ಸುಮ್ಮನಿರಬಾರದು, ಸುಮ್ಮನಿದ್ದರೆ ಜನ ಗಾಬರಿಯಾಗಿ ಕೀಳುತ್ತಾರೆ, 'ಬರೆಯುತ್ತಿದೆ, ತಾಳಿ' ಎಂದು ಹೇಳುತ್ತಲೇ ಇರಬೇಕು ಎಂದಳು. ರಾಯರು ಒಮ್ಮೆ ಬೇಸತ್ತು, "ಇಷ್ಟೆಲ್ಲ ಯಾಕಮ್ಮ?" ಎಂದಾಗ, "ನಿಮ್ಮ ಹಾಗೆ ಹತ್ತೊಂಬತ್ತು ವರ್ಷ ಕಲಿತವರು ಒತ್ತೂದಲ್ಲ ಇದನ್ನ. ಸಿಗಡಿ ಕೈ ಒರೆಸ್ಕೊಂಡು ಬಂದವರು ಒತ್ತೂದು" ಎಂದಳು. ರಾಯರು ನಕ್ಕರು. ಅವರ ನಗುವನ್ನು ನಾನು ಕಂಡದ್ದು ಅದೇ ಮೊದಲು.

ಪರೀಕ್ಷೆಯ ದಿನ ಕಡ್ಡಿಮನೆ ತುಂಬಿ ಜಗಲಿಯ ಮೇಲೂ ಜನ ನಿಂತಿದ್ದರು. ಹೊನ್ನಕ್ಕ ಹೋಗಿ ಬೊಮ್ಮಯ್ಯನನ್ನು ಕರೆತಂದಿದ್ದಳು. ಏನು ಹೇಳಿ ಒಪ್ಪಿಸಿದಳೋ ಗೊತ್ತಿಲ್ಲ. ಅವನ ತಲೆ ಪೂರ್ತಿ ನೆರೆತಿತ್ತು. ಬಾಗಿಲಿಗೆ ಒರಗಿ, ಯಾವಾಗ ಬೇಕಾದರೂ ಹೊರಟುಬಿಡುವವನ ಹಾಗೆ ನಿಂತಿದ್ದ.

ರಾಯರು ಎದ್ದು ನಿಂತು, ನಮಗೆ ಹೇಳಿದ್ದನ್ನೆಲ್ಲ ಊರೆದುರು ಹೇಳಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಕೊನೆಗೆ ಬಾಗಿಲ ಕಡೆ ತಿರುಗಿ, "ಬೊಮ್ಮಯ್ಯ, ನೀನು ಹೇಳಿದ್ದು ನಿಜ ಇತ್ತು. ಸುಳ್ಳು ನನ್ನದು" ಎಂದರು. ಬಾಗಿಲಿಗೆ ಒರಗಿದ್ದ ಬೊಮ್ಮಯ್ಯ ನೆಟ್ಟಗೆ ನಿಂತ. ಹೊರಟುಹೋಗಲಿಲ್ಲ.

ಈಗ ಪ್ರಶ್ನೆ, ಮೊದಲು ಯಾರ ಕಡ್ಡಿ? ಊರಿನವರೆಲ್ಲರ ಕೈ ತಂತಮ್ಮ ಕೊರಳಿನ ಕೊಳವೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಒಬ್ಬರೂ ಮುಂದೆ ಬರಲಿಲ್ಲ. ನನ್ನದನ್ನು ಕೊಡೋಣವೆಂದು ಎದ್ದೆ, ನನ್ನ ಕೈಯೂ ಕೊಳವೆಯನ್ನು ಬಿಡಲಿಲ್ಲ, ಒಪ್ಪಿಕೊಳ್ಳುತ್ತೇನೆ. ಹೊನ್ನಕ್ಕ ತನ್ನ ಕಡ್ಡಿಯನ್ನು ಬಿಚ್ಚಿ ಐದನೆಯ ಪರದೆಗೆ ಚುಚ್ಚಿದಳು. ಒಂಬತ್ತು ತೂಬಿನ ವಿದ್ಯೆಯೆಲ್ಲ ಅದರಲ್ಲಿತ್ತು. ತೆರೆದಳು, ಆ ದಿನದ ಹೊತ್ತುಗಳನ್ನು ಬರೆದಳು, ಮುಚ್ಚಿದಳು, 'ಇಳಿಸು' ಒತ್ತಿದಳು.

ಯಂತ್ರ ಒಪ್ಪಲಿಲ್ಲ.

"ಕೆಟ್ಟಿತು" ಎಂದು ಯಾರೋ ಪಿಸುಗುಟ್ಟಿದರು. ಹೊನ್ನಕ್ಕ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದಳು: "ಹನ್ನೆರಡನೆಯ ಕುರ್ಚಿಯಲ್ಲಿ ವಾಮನರಾಯರು ಇದನ್ನು ತೆರೆದಿದ್ದಾರೆ. ಅವರು ಮುಚ್ಚಲಿ."

ರಾಯರು ಬೆಚ್ಚಿ ತಮ್ಮ ಪರದೆ ನೋಡಿದರು. ಆತಂಕಕ್ಕೆ, ಎಲ್ಲ ಸರಿ ಇದೆಯೇ ಎಂದು ನೋಡಲು, ಅವಳ ಕಡ್ಡಿಯನ್ನು ತಾವೇ ತೆರೆದಿಟ್ಟಿದ್ದರು. "ಅಯ್ಯೋ, ನಾನೇ!" ಎಂದು ತಡಬಡಿಸಿ ಮುಚ್ಚಿದರು. ಇಡೀ ಕಡ್ಡಿಮನೆ ನಕ್ಕಿತು. ಆ ನಗುವಿನಲ್ಲಿ ಊರಿನ ಅರ್ಧ ಹೆದರಿಕೆ ಹೋಯಿತು.

ಮತ್ತೆ ಒತ್ತಿದಳು. ಬರೆಯುತ್ತಿದೆ, ತಾಳಿ. ಬರೆಯುತ್ತಿದೆ, ತಾಳಿ. ಆಮೇಲೆ: ಈಗ ತೆಗೆಯಬಹುದು. ಹೊನ್ನಕ್ಕ ಕಣ್ಣು ಮುಚ್ಚಿ ಕಡ್ಡಿಯನ್ನು ಎಳೆದಳು. ಮುಚ್ಚಿದ ಕಣ್ಣಿನಲ್ಲೇ ಒಂದರಿಂದ ಒಂಬತ್ತರವರೆಗೆ ಪ್ರತಿ ತೂಬಿನ ಹೊತ್ತನ್ನು ಹೇಳುತ್ತ ಹೋದಳು. ಆಗರದಲ್ಲಿ ದುಡಿಯುವವರು ಒಬ್ಬೊಬ್ಬರಾಗಿ ಅವಳ ಜೊತೆ ದನಿ ಸೇರಿಸಿದರು. ಒಂಬತ್ತನೆಯದು ಮುಗಿದಾಗ ದಾದಿ ತನ್ನ ಕಡ್ಡಿ ಬಿಚ್ಚಿಕೊಂಡು ಮುಂದೆ ಬಂದಳು. ಅವಳ ಹಿಂದೆ ಶಾಂತಣ್ಣ, ಅವನ ಹಿಂದೆ ಬಲೆಯವರು. ಆ ದಿನ ನಾನು ಟೋಕನ್ನಿನ ಡಬ್ಬಿ ತೆರೆಯಲೇ ಇಲ್ಲ. ಈಗ ನಾನು ಹೊಸಬರನ್ನು ಕೂರಿಸಿ ಗುಂಡಿ ಎಲ್ಲಿದೆ ಎಂದು ತೋರಿಸುತ್ತೇನೆ, ಅಷ್ಟೇ ಕೆಲಸ. ಹೊನ್ನಕ್ಕನಿಗೆ ಊರು ಸನ್ಮಾನ ಮಾಡಬೇಕೆಂದಿತು. ಸನ್ಮಾನದ ದಿನ ನೀರು ಬೇಗ ಏರುತ್ತದೆಂದು ಅವಳು ಬರಲಿಲ್ಲ.

ಪರೀಕ್ಷೆಯ ಸಂಜೆ ಜನ ಕರಗಿದ ಮೇಲೆ ಬೊಮ್ಮಯ್ಯ ಒಳಗೆ ಬಂದ. ರಾಯರು ಎದ್ದು ಬಂದು ಐದನೆಯ ಪರದೆಯ ಮುಂದೆ ಅವನಿಗೆ ಕುರ್ಚಿ ಎಳೆದುಕೊಟ್ಟರು. ಅವನ ಹತ್ತಿರ ಕಡ್ಡಿ ಇರಲಿಲ್ಲ. ಅವನು ಕೇಳಿದ್ದು ಒಂದೇ: "ಅವತ್ತಿನ ಹಾಗೆ ಪಟ್ಟಿ ಬರ್ತದಾ?"

ರಾಯರು ಆಜ್ಞೆ ಒತ್ತಿ, ಯಂತ್ರಕ್ಕೆ ಏರಿದ ಎಲ್ಲ ಕಡ್ಡಿಗಳ ಪಟ್ಟಿ ಬರಿಸಿಕೊಟ್ಟರು. ಇನ್ನೂ ಏರಿದ್ದುದು ಒಂದೇ, ಹನ್ನೆರಡನೆಯ ಪರದೆಯಿಂದ ಏರಿದ ರಾಯರ ಸ್ವಂತ ಕಡ್ಡಿ. ಬೊಮ್ಮಯ್ಯ ಬೆರಳನ್ನು ಅಂಗಿಗೆ ಒರೆಸಿಕೊಂಡು, ಆ ಸಾಲಿಗೆ ಹೋಗಿ, ಬೇಕೆಂದೇ 'ಇಳಿಸು' ಎಂದು ಒತ್ತಿದ.

ಪರದೆಯ ಮೇಲೆ ಬಂತು: ಇದು ನಿಮ್ಮದಲ್ಲ. ನೀವು ಇಳಿಸುವಂತಿಲ್ಲ.

ಅವನು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಮತ್ತೊಮ್ಮೆ ದೊಡ್ಡದಾಗಿ ಓದಿದ. ಹತ್ತೊಂಬತ್ತು ವರ್ಷ ಬಿಗಿದಿದ್ದ ಅವನ ಹೆಗಲು ಇಳಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಇನ್ನೊಂದ್ ಸಲ ಒತ್ಲಾ?" ಎಂದು ಕೇಳಿದ.

"ಒತ್ತು ಬೊಮ್ಮಯ್ಯ" ಎಂದರು ರಾಯರು. "ಎಷ್ಟು ಸಲ ಬೇಕಾದ್ರೂ ಒತ್ತು."